ಮಾರ್ಲಿಸ್ ಪರವಾಗಿ ಬೇಡ ಎಂದ ಯಂತ್ರ

ನಾರ್ಬಿ ಊರಿನಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಮತ್ತೆ ಕೇಳುತ್ತಾರೆ. ಆಗಲೂ ಬೇಡ ಎನ್ನಬೇಕು, ಆದರೆ ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕೇಳಿದಾಗ, "ಅಯ್ಯೋ, ಹೇಗೂ ಮಾಡಿಬಿಟ್ಟಿದೀರಲ್ಲ, ಅರ್ಧ ಕಪ್ಪು ಕೊಡಿ" ಎಂದು ಸೋತವರಂತೆ ಕುರ್ಚಿ ಎಳೆದುಕೊಂಡು ಕೂತು, ಎರಡು ಕಪ್ಪು ಕುಡಿದು, ತಟ್ಟೆಯಲ್ಲಿಟ್ಟ ಕೇಕನ್ನೂ ಖಾಲಿ ಮಾಡಿ ಹೋಗಬೇಕು. ಮಿನೆಸೋಟದ ಈ ಮೂಲೆಯಲ್ಲಿ ಮೊದಲ ಸಲಕ್ಕೇ ಹೂಂ ಎಂದವನನ್ನು ಹಸಿದು ಬಿದ್ದವನು ಎನ್ನುತ್ತಾರೆ. ಮೂರು ಸಲವೂ ಬೇಡ ಎಂದರೆ ಮಾತ್ರ ನಿಜಕ್ಕೂ ಬೇಡ ಎಂದರ್ಥ. ನಾಲ್ಕನೆಯ ಸಲ ಕೇಳುವುದು ಮರ್ಯಾದಸ್ಥರ ಕೆಲಸವಲ್ಲ. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಬೇಡ ಎನ್ನುವುದರಲ್ಲಿ ಊರಿಗೇ ಎತ್ತಿದ ಕೈ ಎಂದರೆ ಮಾರ್ಲಿಸ್. ಎಪ್ಪತ್ತೊಂದು ವರ್ಷ, ಗಂಡ ಸತ್ತು ಬಹಳ ಕಾಲವಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಮಿಕ್ಕಂತೆ ಗಟ್ಟಿ. ಹೆರಿಗೆಯ ಹೊತ್ತಿನಲ್ಲಿ ನರ್ಸು ನೀರು ಕೊಡಲೇ ಎಂದಾಗಲೂ "ನಿಮಗ್ಯಾಕೆ ತೊಂದ್ರೆ" ಎಂದಿದ್ದಳಂತೆ. ಇಂಥ ಹೆಂಗಸಿಗೆ ಈಗ ಒಂದು ವಸ್ತು ಬೇಕಾಗಿತ್ತು, ಬಹಳವೇ ಬೇಕಾಗಿತ್ತು. ಅದರ ಹೆಸರು ಆರಿನ್.

ಆರಿನ್ ರಸ್ತೆ ಮೇಲಿನ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಹೆಂಡತಿ ಇಲ್ಲ. ಮಾತು ಅದಕ್ಕಿಂತ ಇಲ್ಲ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಅವನು ಎರಡು ಚಳಿಗಾಲಗಳಿಂದ ತಪ್ಪದೆ ಮಾರ್ಲಿಸ್ ಪಕ್ಕದಲ್ಲಿ ಕೂರುತ್ತಿದ್ದ. ಹೊರಗೆ ಮೂಗು ಉದುರಿ ಬೀಳುವಂಥ ಹವೆ ಇದ್ದರೂ "ಇವತ್ತು ಚಳಿ ಪರವಾಗಿಲ್ಲ" ಎನ್ನುತ್ತಿದ್ದ. "ಹೂಂ, ಪರವಾಗಿಲ್ಲ" ಎನ್ನುತ್ತಿದ್ದಳು ಮಾರ್ಲಿಸ್. ಅಷ್ಟೇ ಸಂಭಾಷಣೆ. ಆದರೆ ಮನೆಗೆ ಹೋಗುವಾಗ ಅವಳ ಕಿವಿ ಬೆಚ್ಚಗಿರುತ್ತಿತ್ತು.

ಈ ವರ್ಷ ಆರಿನ್‌ನ ಅಕ್ಕ ಬಿಸಿಲಿನ ಅರಿಜೋನಾದಲ್ಲಿರುವ ತನ್ನ ಟ್ರೇಲರ್ ಮನೆಗೆ ತಮ್ಮನನ್ನು ಕರೆದಿದ್ದಳು. ಚಳಿಗಾಲಕ್ಕೆ ಬಾ, ಹಿಡಿಸಿದರೆ ಅಲ್ಲೇ ಇದ್ದುಬಿಡು, ಮಂಜಿನ ಗುಡ್ಡೆಯಂಥ ಆ ಮನೆ ಮಾರಿ ಹಾಕು ಎಂದು ಅವಳ ಉಪದೇಶ. ಅಕ್ಟೋಬರಿನ ಒಂದು ಭಾನುವಾರ ಆರಿನ್ ಕಪ್ಪಿನೊಳಗೆ ನೋಡುತ್ತ, "ಅಲ್ಲಿ ವರಾಂಡದಲ್ಲಿ ಎರಡು ಕುರ್ಚಿ ಇದೆಯಂತೆ" ಎಂದ. ನಾರ್ಬಿಯಲ್ಲಿ ಇದು ಮಂಡಿಯೂರಿ ಉಂಗುರ ತೋರಿಸಿದ್ದಕ್ಕೆ ಸಮ. ಮಾರ್ಲಿಸ್‌ಗೆ ಕೆನ್ನೆಯೆಲ್ಲ ಕೆಂಪಾಯಿತು. ಇನ್ನೇನು ಕೇಳಿಯೇ ಕೇಳುತ್ತಾನೆ. ತಾನು ಎರಡು ಸಲ ಬೇಡ ಎಂದು, ಮೂರನೆಯದಕ್ಕೆ ಒಪ್ಪಿಬಿಡುವುದು. ಒಪ್ಪುವಾಗ ಯಾವ ಸ್ವೆಟರ್ ಹಾಕಿಕೊಂಡಿರಬೇಕು ಎಂಬುದನ್ನೂ ಯೋಚಿಸಿ ಇಟ್ಟುಕೊಂಡಳು.

ಅದೇ ತಿಂಗಳು ಊರಿನ ಲೈಬ್ರರಿಯಲ್ಲಿ ಜೀನಾ ಒಂದು ತರಗತಿ ಶುರು ಮಾಡಿದಳು. ಬಾಗಿಲಿಗೆ "ಕೃತಕ ಬುದ್ಧಿಮತ್ತೆ: ಹೆದರುವವರಿಗೆ ಪರಿಚಯ" ಎಂದು ಕಾಗದ ಅಂಟಿಸಿದ್ದಳು. ಜೀನಾ ನ್ಯೂಜೆರ್ಸಿಯ ಕಡೆಯವಳು. ಈ ಊರಿನವನನ್ನು ಮದುವೆಯಾಗಿ ಬಂದು, ಅವನನ್ನು ಬಿಟ್ಟು, ಲೈಬ್ರರಿಯನ್ನು ಉಳಿಸಿಕೊಂಡವಳು. ಬಂದ ಹೊಸತರಲ್ಲಿ ಯಾರೋ ಕಾಫಿ ಬೇಕೇ ಎಂದರೆ "ಬೇಕು, ಸಕ್ಕರೆ ಜಾಸ್ತಿ ಹಾಕಿ" ಎಂದುಬಿಟ್ಟು, ಆ ಚಳಿಗಾಲ ಪೂರ್ತಿ ಊರಿನ ಬಾಯಿಗೆ ಕೆಲಸ ಕೊಟ್ಟಿದ್ದಳು.

ತರಗತಿಗೆ ಚರ್ಚಿನ ಅರ್ಧ ಜನ ಬಂದರು. ಬುದ್ಧಿಮತ್ತೆಯ ಮೇಲಿನ ಆಸೆಯಿಂದಲ್ಲ, ಲೈಬ್ರರಿಯ ಹೀಟರು ಚೆನ್ನಾಗಿತ್ತು.

"ನೋಡಿ, ಈ ಫೋನೊಳಗೆ ಯಾರೂ ಕೂತಿಲ್ಲ," ಎಂದಳು ಜೀನಾ. "ಜನ ಇವತ್ತಿನವರೆಗೆ ಬರೆದಿದ್ದನ್ನೆಲ್ಲ ರಾಶಿ ಹಾಕಿ ಇದಕ್ಕೆ ಓದಿಸಿದಾರೆ. ಇಷ್ಟು ಮಾತು ಆದ್ಮೇಲೆ ಮುಂದೆ ಯಾವ ಮಾತು ಬರಬಹುದು ಅಂತ ಅಂದಾಜು ಮಾಡುತ್ತೆ. ಬುಡದಲ್ಲಿ ಇರೋದು ಅಷ್ಟೇ. ಆದ್ರೆ ಅಂದಾಜು ಎಷ್ಟು ಚೆನ್ನಾಗಿ ಮಾಡುತ್ತೆ ಅಂದ್ರೆ, ಕಾಗದ ಬರೆಯುತ್ತೆ, ಲೆಕ್ಕ ಮಾಡುತ್ತೆ, ಚಿತ್ರ ನೋಡಿ ಇದು ಯಾವ ಹುಳ ಅಂತ ಹೇಳುತ್ತೆ, ನಾರ್ವೆ ಭಾಷೇಲಿ ಬೇಕಾದ್ರೂ ಬೈಯುತ್ತೆ."

"ನಮ್ಮನೆಯವರೂ ಹಿಂಗೇ," ಎಂದಳು ಲವಾನ್. ಇವಳು ಮಾರ್ಲಿಸ್‌ಳ ಪಕ್ಕದ ಮನೆಯವಳು, ಬಾಲ್ಯದ ಗೆಳತಿ, ಊರಿನ ಸುದ್ದಿಗಳ ಉಗ್ರಾಣ. "ನಾನು ಬಾಯಿ ತೆಗೆಯೋಕೆ ಮುಂಚೇನೇ ನನ್ನ ಮುಂದಿನ ಮಾತು ಅವ್ರೇ ಹೇಳಿಬಿಡ್ತಾರೆ. ಒಂದಿನಾನೂ ಸರಿಯಾಗಿದ್ದಿಲ್ಲ."

"ಇದೂ ತಪ್ಪು ಹೇಳುತ್ತೆ. ಗೊತ್ತಿಲ್ಲದೇ ಇದ್ರೂ ಗೊತ್ತಿರೋರ ಥರ ಹೇಳುತ್ತೆ. ಅದನ್ನ ನೆನಪಿಟ್ಕೊಳ್ಳಿ."

ಪರೀಕ್ಷಿಸೋಣ ಎಂದು ನಾರ್ಬಿಯ ಚರಿತ್ರೆ ಕೇಳಿದರು. ಊರನ್ನು ಕಟ್ಟಿದವನು ಒಬ್ಬಂಟಿಯಾಗಿ ಕರಡಿಯ ಜೊತೆ ಕುಸ್ತಿ ಮಾಡಿ ಗೆದ್ದ ನಾರ್ವೆಯ ಮೀನುಗಾರ ಎಂದು ಫೋನು ಕಣ್ಣು ಮಿಟುಕಿಸದೆ ಹೇಳಿತು. ನಿಜಕ್ಕೂ ಕಟ್ಟಿದವನು ರೈಲ್ವೆಯಿಂದ ಕೆಲಸ ಕಳೆದುಕೊಂಡ ಒಬ್ಬ ಕುಡುಕ. ಕರಡಿಯ ಕಥೆಯೇ ಚೆನ್ನಾಗಿದೆ, ಊರಹಬ್ಬದ ಪುಸ್ತಕದಲ್ಲಿ ಅದನ್ನೇ ಹಾಕೋಣ ಎಂದು ಎಲ್ಲರೂ ಒಪ್ಪಿದರು. ಲವಾನ್ ಮೊಣಕೈ ನೋವಿಗೆ ಕಾರಣ ಕೇಳಿ, ಬಂದ ಉದ್ದನೆಯ ಉತ್ತರದಲ್ಲಿ ಅತಿ ಗೌರವಾನ್ವಿತವಾದ ರೋಗವೊಂದನ್ನು ಆರಿಸಿಕೊಂಡಳು. ಪಾದ್ರಿ ಬಾಯಿ ಬಿಡದೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಂದಿನ ಭಾನುವಾರದಿಂದ ಅವರ ಪ್ರವಚನ ಅರ್ಧಕ್ಕೆ ಇಳಿಯಿತು, ತಲೆ ಬುಡವೂ ಸಿಗತೊಡಗಿತು. ಯಾರೂ ಅದರ ಮೂಲ ಕೇಳಲಿಲ್ಲ. ದೇವರ ಕೃಪೆ ಯಾವ ದಾರಿಯಿಂದ ಬಂದರೂ ಊರಿಗೆ ಸಮ್ಮತವೇ.

"ಇದು ರಸ್ತೆ ಹಿಮ ತಳ್ಳುತ್ತಾ?" ಎಂದು ಆರಿನ್ ಕೇಳಿದ.

"ಸದ್ಯಕ್ಕಿಲ್ಲ," ಎಂದಳು ಜೀನಾ.

"ಹಂಗಾದ್ರೆ ಪರವಾಗಿಲ್ಲ," ಎಂದು ಅವನು ಸಮಾಧಾನದಿಂದ ಕಾಲು ಚಾಚಿದ.

ಕೊನೆಯ ವಾರ ಜೀನಾ ಎಲ್ಲರ ಫೋನಿನಲ್ಲೂ ಒಬ್ಬೊಬ್ಬ ಸಹಾಯಕನನ್ನು ಕೂರಿಸಿಕೊಟ್ಟಳು. ನಿಮ್ಮ ಹಳೆಯ ಸಂದೇಶಗಳನ್ನೆಲ್ಲ ಓದಿ, ನಿಮ್ಮ ಮಾತಿನ ರೀತಿ ಕಲಿತು, ಬಂದ ಸಂದೇಶಗಳಿಗೆ ನಿಮ್ಮ ಹಾಗೆಯೇ ಉತ್ತರ ಬರೆಯುವ ಯಂತ್ರ. ಮಾರ್ಲಿಸ್ ತನ್ನದಕ್ಕೆ ಇಂಗ್ರಿಡ್ ಎಂದು ಹೆಸರಿಟ್ಟಳು. ಆರಿನ್ ತನ್ನದಕ್ಕೆ ಸತ್ತುಹೋದ ನಾಯಿಯ ಹೆಸರಿಟ್ಟ, ಬಸ್ಟರ್.

"ನಿಮ್ಮ ಸಂದೇಶಗಳಿಗೆ ಇನ್ನು ಮುಂದೆ ನಾನೇ ಉತ್ತರಿಸಲೇ?" ಎಂದು ಇಂಗ್ರಿಡ್ ಕೇಳಿತು.

"ಅಯ್ಯೋ ಬೇಡ, ನಿನಗ್ಯಾಕೆ ತೊಂದ್ರೆ," ಎಂದಳು ಮಾರ್ಲಿಸ್.

"ಸರಿ," ಎಂದು ಇಂಗ್ರಿಡ್ ಸುಮ್ಮನಾಯಿತು. ಮಾರ್ಲಿಸ್ ಕಾದಳು. ಅದು ಎರಡನೆಯ ಸಲ ಕೇಳಲೇ ಇಲ್ಲ. ಬೆಳೆಸಿದವರು ಸರಿಯಾಗಿ ಬೆಳೆಸಿಲ್ಲ ಎಂದುಕೊಂಡು, ಮನೆಗೆ ಹೋದ ಮೇಲೆ ಯಾರಿಗೂ ಕಾಣದಂತೆ ತಾನೇ ಆ ಗುಂಡಿ ಒತ್ತಿದಳು.

ಅವಳಿಗೆ ಅದು ಬೇಕಾಗಿತ್ತು. ಚರ್ಚಿನಲ್ಲಿ ಯಾರೇ ಸತ್ತರೂ ಮಣ್ಣು ಮಾಡಿದ ಮೇಲಿನ ಊಟದ ಉಸ್ತುವಾರಿ ಅವಳದೇ. ನಾರ್ಬಿಯಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಬನ್ನು ತರಲಾ, ಹಂದಿಮಾಂಸ ತರಲಾ, ಆಲೂಗಡ್ಡೆ, ಮಾಂಸ ಒಟ್ಟಿಗೆ ಬೇಯಿಸಿದ ಹಾಟ್‌ಡಿಶ್ ತರಲಾ ಎಂದು ದಿನವಿಡೀ ಫೋನು ಗುಂಯ್‌ಗುಡುತ್ತಿತ್ತು. ಎಲ್ಲಕ್ಕೂ "ಬೇಡ, ತೊಂದ್ರೆ ತಗೋಬೇಡಿ" ಎಂದು ಬೆರಳು ನೋಯುವವರೆಗೆ ಬರೆಯಬೇಕು. ಆಮೇಲೆ ಅವರು ಹೇಗೂ ತರುತ್ತಾರೆ, ಚರ್ಚಿನ ಅಡುಗೆಮನೆಯ ಬಾಗಿಲಲ್ಲಿ "ತಂದೇಬಿಟ್ಟೆ" ಎನ್ನುತ್ತಾರೆ, "ತಂದೇಬಿಟ್ಟಿದೀಯಲ್ಲ, ಇಡು" ಎಂದು ಇವಳು ಇಸಿದುಕೊಳ್ಳುತ್ತಾಳೆ. ಇಂಗ್ರಿಡ್ ಬಂದ ಮೇಲೆ ಫೋನು ತಣ್ಣಗಾಯಿತು. ಮಾರ್ಲಿಸ್ ಅದನ್ನು ಬ್ರೆಡ್ಡಿನ ಡಬ್ಬಿಯ ಪಕ್ಕಕ್ಕಿಟ್ಟು ಮರೆತು, ಆರಿನ್ ಯಾವಾಗ ಕೇಳುತ್ತಾನೋ ಎಂದು ಕಾಯುತ್ತ ಕೂತಳು.

ಆರಿನ್ ಕೇಳಲಿಲ್ಲ. ಅದರ ಬದಲು ಒಂದು ಭಾನುವಾರ ಕಾಫಿಯ ಹೊತ್ತಿನಲ್ಲಿ ಬೇರೆ ಮೇಜಿಗೆ ಹೋಗಿ ಕೂತ. ಚಳಿ ಪರವಾಗಿಲ್ಲ ಎಂಬ ಮಾತನ್ನು ಲವಾನ್‌ಳ ಗಂಡನಿಗೆ ಹೇಳಿದ. ಮಾರ್ಲಿಸ್ ತಾನು ಏನು ತಪ್ಪು ಮಾಡಿದೆ ಎಂದು ತಲೆ ಕೆರೆದುಕೊಂಡಳು. ಹೋಗಿ ಕೇಳಬಹುದಿತ್ತು. ಆದರೆ ಆ ಊರಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ. ನೋವಾದರೆ ಪಾತ್ರೆ ತೊಳೆಯುತ್ತಾರೆ.

"ಆರಿನ್ ಶನಿವಾರ ಹೊರಡ್ತಾನಂತೆ ಕಣೇ," ಎಂದಳು ಲವಾನ್ ಒಂದು ದಿನ ಬೇಲಿಯಾಚೆಯಿಂದ. "ಮನೇನೂ ಮಾರೋಕೆ ಇಟ್ಟಿದಾನೆ. ವಾಪಸ್ ಬರೋ ಥರ ಕಾಣಲ್ಲ."

"ಒಳ್ಳೇದೇ ಆಯ್ತು ಬಿಡು. ಬಿಸಿಲು ಮೈಗೆ ಒಳ್ಳೇದು," ಎಂದು ಹೇಳಿ ಮಾರ್ಲಿಸ್ ಒಳಗೆ ಹೋದಳು. ತೊಳೆದಿಟ್ಟ ಬಾಣಲೆಯನ್ನೇ ಮತ್ತೆ ತೊಳೆದಳು. ಈ ವಯಸ್ಸಿಗೆ ಇದೆಲ್ಲ ಏನು ನಾಚಿಕೆಗೇಡು ಎಂದು ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಮುದುಕ ಕ್ಲಾರೆನ್ಸ್ ಸತ್ತ. ಬಹಳ ವರ್ಷಗಳಿಂದ ಇವತ್ತೋ ನಾಳೆಯೋ ಎನ್ನುತ್ತಿದ್ದವನು ಕೊನೆಗೂ ಮಾತು ಉಳಿಸಿಕೊಂಡಿದ್ದ. ಶುಕ್ರವಾರ ಮಣ್ಣು. ಇಡೀ ಊರು ಬಂತು. ಸಮಾಧಿಯ ಹತ್ತಿರ ಗಡಗಡ ನಡುಗಿ, ಹಸಿದು, ಚರ್ಚಿನ ನೆಲಮಾಳಿಗೆಗೆ ಇಳಿದರೆ ಉದ್ದನೆಯ ಮೇಜುಗಳ ಮೇಲೆ ಬಿಳಿಯ ಬಟ್ಟೆ ಮಾತ್ರ ಇತ್ತು. ಬನ್ನಿಲ್ಲ, ಮಾಂಸವಿಲ್ಲ, ಹಾಟ್‌ಡಿಶ್ ಇಲ್ಲ, ನಡುಗುವ ಹಸಿರು ಜೆಲ್ಲಿಯೂ ಇಲ್ಲ. ಮಾರ್ಲಿಸ್ ಕಾಸಿದ ಕಾಫಿ, ಮತ್ತೆ ಜೀನಾ ತಂದಿದ್ದ ಒಂದು ಭರಣಿ ಸೌತೆಕಾಯಿ ಉಪ್ಪಿನಕಾಯಿ. ಜೀನಾ ಯಾರನ್ನೂ ಕೇಳಿ ತಂದವಳಲ್ಲ, ಅದಕ್ಕೇ ಅದೊಂದು ಉಳಿದಿತ್ತು.

ಯಾರೂ ಚಕಾರ ಎತ್ತಲಿಲ್ಲ. "ಕಾಫಿ ಚೆನ್ನಾಗಿದೆ" ಎಂದರು. "ಅಪ್ಪನಿಗೂ ಸರಳವಾಗಿದ್ರೇನೇ ಇಷ್ಟ" ಎಂದಳು ಕ್ಲಾರೆನ್ಸ್‌ನ ಮಗಳು, ಉಪ್ಪಿನಕಾಯಿಯ ಹೋಳನ್ನು ಫೋರ್ಕಿನಲ್ಲಿ ಚುಚ್ಚಿಕೊಂಡು. ಅಪ್ಪ ಬದುಕಿದ್ದಾಗ ಒಂದು ಹೊತ್ತಿಗೆ ಅರ್ಧ ಹಂದಿ ತಿನ್ನುತ್ತಿದ್ದ. ಆರಿನ್ ಒಂದು ಕಪ್ಪು ಕುಡಿದು, ಮಾರ್ಲಿಸ್ ಕಡೆ ತಿರುಗಿಯೂ ನೋಡದೆ, ಟೋಪಿ ಹಾಕಿಕೊಂಡು ಹೊರಟುಹೋದ.

ಮಾರ್ಲಿಸ್ ಲವಾನ್‌ಳನ್ನು ಅಡುಗೆಮನೆಗೆ ಎಳೆದೊಯ್ದಳು. "ಬನ್ನು ಎಲ್ಲೇ?"

"ನೀನೇ ಬೇಡ ಅಂದ್ಯಲ್ಲ."

"ನಾನು ಯಾವತ್ತು ಬೇಕು ಅಂದಿದೀನಿ? ಬೇಡ ಅಂದ್ರೂ ತರ್ತಿದ್ದೆ ತಾನೆ?"

"ತರ್ತಿದ್ದೆ. ಈಗ ನನ್ನ ಫೋನಿದೆಯಲ್ಲ, ಅದು ನೀನು ಬೇಡ ಅಂದ ತಕ್ಷಣ ಬೇಕರಿಗೆ ಹೇಳಿದ್ದನ್ನೂ ರದ್ದು ಮಾಡಿಬಿಡ್ತು. ಎಲ್ಲರದ್ದೂ ಹಂಗೇ ಆಗಿದೆ ಕಣೇ. ನಿಂಗೆ ಈ ಸಲ ನಿಜವಾಗ್ಲೂ ಬೇಡವೇನೋ, ಏನೋ ಹೊಸ ಪದ್ಧತಿ ಇರಬೇಕು ಅಂದ್ಕೊಂಡ್ವಿ."

ಲವಾನ್ ಕಾಫಿ ಹಿಡಿದು ಹೊರಗೆ ಹೋದಳು. ಮಾರ್ಲಿಸ್ ಕೈಚೀಲದಿಂದ ಫೋನು ತೆಗೆದಳು. "ಇಂಗ್ರಿಡ್, ನೀನು ಯಾರ್ಯಾರಿಗೆ ಏನೇನು ಹೇಳಿದೀಯ?"

"ನಮಸ್ಕಾರ ಮಾರ್ಲಿಸ್!" ಎಂದಿತು ಇಂಗ್ರಿಡ್, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವರ ದನಿಯಲ್ಲಿ. "ಈ ತಿಂಗಳು ನಿಮಗೆ ಬಂದ ಎಲ್ಲ ಕೊಡುಗೆಗಳನ್ನೂ ನಿಮ್ಮ ಪರವಾಗಿ ವಿನಯದಿಂದ ನಿರಾಕರಿಸಿದ್ದೇನೆ. ಬನ್ನು, ಮಾಂಸ, ಆಲೂಗಡ್ಡೆ, ಜೆಲ್ಲಿ. ದಾರಿಯ ಹಿಮ ಗುಡಿಸಿಕೊಡುವುದಾಗಿ ಬಂದ ಎರಡು ಮಾತು. ಮತ್ತು ಆರಿನ್ ಅವರ ಸಹಾಯಕ ಬಸ್ಟರ್ ತಂದ ಒಂದು ಆಹ್ವಾನ. ಚಳಿಗಾಲಕ್ಕೆ ಅರಿಜೋನಾ, ಹೊರಡುವ ಮುಂಚೆ ಚರ್ಚಿನಲ್ಲಿ ಸಣ್ಣದಾಗಿ ಮದುವೆ."

ಮಾರ್ಲಿಸ್ ಆಲೂಗಡ್ಡೆಯ ಖಾಲಿ ಪೆಟ್ಟಿಗೆಯ ಮೇಲೆ ಕುಸಿದಳು. "ಮದುವೆಗೆ ಏನಂದೆ?"

"'ಛೆ ಛೆ, ನಿಮಗ್ಯಾಕೆ ಅಷ್ಟೆಲ್ಲ ತೊಂದ್ರೆ. ನನ್ನ ಪಾಡಿಗೆ ನಾನು ಆರಾಮಾಗಿದೀನಿ. ಬೇರೆ ಯಾರಿಗಾದ್ರೂ ಬೇಕಾಗಿರಬಹುದು, ಅವರನ್ನ ಕೇಳಿ.' ಇದು ನೀವು ಬನ್ನುಗಳ ವಿಷಯದಲ್ಲಿ ಬಳಸುವ ಮಾತು. ಇಲ್ಲಿಗೂ ಹೊಂದುತ್ತದೆ ಎನಿಸಿತು."

"ಅವನು ಮತ್ತೆ ಕೇಳಲಿಲ್ವಾ?"

"ಕೇಳಿದರು. ಮೂರು ಸಲ ಕೇಳಬೇಕು ಎಂದು ಆರಿನ್ ಅವರು ಬಸ್ಟರ್‌ಗೆ ಮೊದಲೇ ಹೇಳಿಕೊಟ್ಟಿದ್ದರಂತೆ. ಮೂರು ಸಲವೂ ಬೇಡ ಎಂದೆ. ಎಲ್ಲ ಸೇರಿ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ನಿಮಗೆ ಬಹಳ ಸಮಯ ಉಳಿಯಿತು."

ಅವನು ಕೇಳಿದ್ದ. ಮದುವೆಗೇ ಕೇಳಿದ್ದ. ತನ್ನ ನಾಯಿಯ ಹೆಸರಿನ ಹಿಂದೆ ಅಡಗಿಕೊಂಡಾದರೂ ಕೇಳಿದ್ದ. "ನಾನು ಯಾರಿಗಾದ್ರೂ, ಯಾವುದಕ್ಕಾದ್ರೂ ಹೂಂ ಅಂದಿದ್ದು ನಿಂಗೆ ಎಲ್ಲೂ ಕಾಣ್ಲಿಲ್ವೇನೇ?"

"ಹುಡುಕಿದೆ, ಮಾರ್ಲಿಸ್. ನೀವು ಬರೆದದ್ದರಲ್ಲಿ ಎಲ್ಲೂ ಸಿಗಲಿಲ್ಲ." ಜೊತೆಗೇ ಸೇರಿಸಿತು, "ಆರಿನ್ ಅವರಿಗೆ ಕ್ಷಮಾಪಣೆ ಬರೆದುಕೊಡಲೇ? ಗಂಭೀರವಾಗಿ ಬೇಕೇ, ತಮಾಷೆಯಾಗಿ ಬೇಕೇ? ಪ್ರಾಸ ಬೇಕಾದರೂ ಹಾಕಬಲ್ಲೆ."

"ಬೇಡ!"

"ಸರಿ," ಎಂದು ಇಂಗ್ರಿಡ್ ತೆಪ್ಪಗಾಯಿತು.

ಖಾಲಿ ಭರಣಿ ಹಿಡಿದು ಜೀನಾ ಒಳಗೆ ಬಂದಾಗ ಮಾರ್ಲಿಸ್ ಫೋನನ್ನು ಕಸದ ಬುಟ್ಟಿಯ ಮೇಲೆ ಹಿಡಿದುಕೊಂಡಿದ್ದಳು. ಜೀನಾ ಅದನ್ನು ಕಸಿದುಕೊಂಡು ವಿಷಯ ಬಿಡಿಸಿ ಕೇಳಿದಳು. ಮೊದಲು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಾರ್ಲಿಸ್‌ಳ ಮುಖ ನೋಡಿ ನಿಲ್ಲಿಸಿದಳು.

"ಅದನ್ನ ಯಾಕೆ ಬೈತೀರಿ? ನಿಮ್ಮ ಹಾಗೇ ಮಾತಾಡು ಅಂದ್ರಿ, ಮಾತಾಡ್ತು."

"ನಾನು ಹಾಗಲ್ಲ ಜೀನಾ. ನಾನು ಮೂರನೇ ಸಲಕ್ಕೆ ಒಪ್ಕೋತೀನಿ."

"ಯಾವಾಗ? ಬಾಗಿಲಲ್ಲಿ ನಿಂತು, ಬಾಯಲ್ಲಿ. ಬರೆದಿರೋದೆಲ್ಲ ಬರೀ ಬೇಡ. ಪಾಪ, ಅದು ಬಾಗಿಲ ಹತ್ರ ಯಾವತ್ತು ಬಂದಿತ್ತು? ನೀವು ಹೇಳಿದ್ದನ್ನ ಓದುತ್ತೆ, ನುಂಗಿದ್ದನ್ನ ಓದೋಕೆ ಬರಲ್ಲ. ಈಗ ಹೋಗಿ ಆರಿನ್‌ಗೆ ಹೇಳಿ."

"ಅವನು ಮೂರು ಸಲ ಕೇಳಾಗಿದೆ. ಇನ್ನು ಕೇಳಲ್ಲ. ಕೇಳಬಾರದು."

"ಹಂಗಾದ್ರೆ ನೀವೇ ಕೇಳಿ."

ಪೂಜಾವೇದಿಕೆಯ ಮುಂದೆ ಬಟ್ಟೆ ಬಿಚ್ಚಿ ಕುಣಿ ಎಂದಿದ್ದರೂ ಮಾರ್ಲಿಸ್ ಅಷ್ಟು ಬೆಚ್ಚುತ್ತಿರಲಿಲ್ಲ.

"ನಾಳೆ ಹೊರಡ್ತಾನೆ ಅಂದ್ರಲ್ಲ," ಎಂದಳು ಜೀನಾ. "ಮರ್ಯಾದೆ ಇಟ್ಕೊಂಡು ಇಲ್ಲೇ ಇರಿ ಬೇಕಾದ್ರೆ. ಉಪ್ಪಿನಕಾಯಿ ಇನ್ನೊಂದು ಭರಣಿ ಇದೆ."

ಮಾರ್ಲಿಸ್ ಕೋಟು ಹಾಕಿಕೊಂಡಳು.

ಆರಿನ್ ತನ್ನ ಗ್ಯಾರೇಜಿನ ಮುಂದೆ ಪಿಕಪ್ಪಿಗೆ ಸಾಮಾನು ಹೇರಿ ಹಗ್ಗ ಬಿಗಿಯುತ್ತಿದ್ದ. ಮನೆಯ ಮುಂದಿನ ಹಿಮದಲ್ಲಿ ಮಾರಾಟದ ಬೋರ್ಡು ನೆಟ್ಟಿತ್ತು. ಮಾರ್ಲಿಸ್ ಕಾರು ನಿಲ್ಲಿಸಿ ಇಳಿದು, ಜಾರದಂತೆ ಹೆಜ್ಜೆ ಊರುತ್ತ ಹತ್ತಿರ ಹೋದಳು.

"ಇವತ್ತು ಚಳಿ ಪರವಾಗಿಲ್ಲ," ಎಂದ ಆರಿನ್, ಹಗ್ಗದಿಂದ ಕಣ್ಣೆತ್ತದೆ.

"ಪರವಾಗಿದೆ," ಎಂದಳು ಮಾರ್ಲಿಸ್. "ಬಹಳ ಚಳಿ."

ಅವನು ಗಾಬರಿಯಾಗಿ ಕಣ್ಣೆತ್ತಿದ.

"ಆರಿನ್, ನೀವು ಕೇಳಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಬೇಡ ಅಂದಿದ್ದು ನಾನಲ್ಲ. ಆ ಫೋನು ತಾನೇ ಉತ್ತರ ಕೊಟ್ಟಿದೆ. ನಂಗೆ ಈಗ ಗೊತ್ತಾಯ್ತು, ಈಗ, ಚರ್ಚಲ್ಲಿ."

ಆರಿನ್ ಹಗ್ಗದ ಗಂಟನ್ನು ತಡವಿದ. "ಓದಿದೆ ನಾನು," ಎಂದ. "ಥೇಟ್ ನಿಮ್ಮ ಮಾತೇ."

ಇದು ಅವಳಿಗೆ ಎದೆಗೆ ನಾಟಿತು. ಯಂತ್ರ ಮೋಸ ಮಾಡಿತು ಎಂದು ಹೇಳಿ ಪಾರಾಗುವ ಹಾಗಿರಲಿಲ್ಲ. ಈ ಮನುಷ್ಯ ಎರಡು ವರ್ಷ ಪಕ್ಕದಲ್ಲಿ ಕೂತೂ ಅವಳಿಗೂ ಯಂತ್ರಕ್ಕೂ ವ್ಯತ್ಯಾಸ ಕಂಡಿರಲಿಲ್ಲ, ಕಾಣುವಂಥದ್ದನ್ನು ಅವಳು ಕೊಟ್ಟೇ ಇರಲಿಲ್ಲ.

"ಹೌದು. ನನ್ನ ಮಾತೇ. ಅದಕ್ಕೇ ನಾನೇ ಬಂದೆ."

ಮತ್ತೆ ಕೇಳಬೇಕೆಂದು ಆರಿನ್‌ನ ಮುಖದ ತುಂಬ ಬರೆದಿತ್ತು. ಆದರೆ ಮೂರು ಮುಗಿದಿತ್ತು. ಮರ್ಯಾದಸ್ಥ ಮನುಷ್ಯ, ಏಪ್ರಿಲ್‌ನಲ್ಲಿ ಹಿಮ ಕರಗುವವರೆಗೆ ಹಾಗೇ ನಿಂತಿರುತ್ತಿದ್ದನೇ ಹೊರತು ನಾಲ್ಕನೆಯದು ಬಾಯಿಂದ ಬರುತ್ತಿರಲಿಲ್ಲ. ಮಾರ್ಲಿಸ್ ಕೈಗವಸಿನೊಳಗೆ ಮುಷ್ಟಿ ಬಿಗಿದಳು.

"ನಂಗೆ ಅರಿಜೋನಾಕ್ಕೆ ಬರ್ಬೇಕು. ನಿಮ್ಮ ಜೊತೆ. ಮದುವೆ ಮಾಡ್ಕೊಂಡು. ಕರ್ಕೊಂಡು ಹೋಗ್ತೀರಾ?"

ಆರಿನ್‌ನ ಬಾಯಿ ತೆರೆಯಿತು. ಪಾಪ, ಆ ಬಾಯಿಯ ತಪ್ಪೇನೂ ಇಲ್ಲ, ಅದಕ್ಕೆ ಜನ್ಮಪೂರ್ತಿ ಒಂದೇ ಪಾಠ ಆಗಿತ್ತು.

"ಛೆ ಛೆ, ನಿಮಗ್ಯಾಕೆ ತೊಂದ್ರೆ," ಎಂದ. "ಅಷ್ಟು ದೂರ. ಗಾಡಿ ಸೀಟು ಬೇರೆ ಗಟ್ಟಿ."

ಮುಂದಿನದು ಇಬ್ಬರಿಗೂ ಗೊತ್ತಿತ್ತು. ಅವಳು ಇನ್ನೊಮ್ಮೆ ಕೇಳಬೇಕು, ಅವನು ಮೆತ್ತಗೆ ಬೇಡ ಎನ್ನಬೇಕು, ಅವಳು ಮತ್ತೊಮ್ಮೆ ಕೇಳಬೇಕು. ಅವನು ಆಗಲೇ ಕಣ್ಣು ತಗ್ಗಿಸಿ ಎರಡನೆಯದಕ್ಕೆ ಕಾಯುತ್ತಿದ್ದ. ಮಾರ್ಲಿಸ್‌ಗೆ ಸಿಟ್ಟು ಬಂತು. ಅವನ ಮೇಲೆ, ಊರಿನ ಮೇಲೆ, ಕಾಫಿಯ ಮೇಲೆ, ಜೀವಮಾನದಲ್ಲಿ ತಾನು ಅಂದ ಎಲ್ಲ ಬೇಡಗಳ ಮೇಲೆ.

"ಇಲ್ಲ ಆರಿನ್. ಇನ್ನೊಂದ್ಸಲ ಕೇಳಲ್ಲ. ನಂಗೆ ಎಪ್ಪತ್ತೊಂದು ವರ್ಷ."

ತಿರುಗಿ ನಡೆದಳು. ಕಾರಿನ ಬಾಗಿಲು ಹಾಕಿಕೊಂಡು, ಕೀಲಿ ತಿರುಗಿಸಿ, ಅಳತೊಡಗಿದಳು. ಸದ್ದು ಮಾಡಿಯೇ ಅತ್ತಳು, ಕೇಳುವವರು ಕೇಳಿಕೊಳ್ಳಲಿ ಎಂದು. ಕನ್ನಡಿಯಲ್ಲಿ ಆರಿನ್ ಹಗ್ಗದ ತುದಿ ಹಿಡಿದು ಹಾಗೇ ನಿಂತಿದ್ದ. ಗಾಡಿ ಅಲುಗಿತು. ಅವನೂ ಅಲುಗಿದ. ಹಗ್ಗ ಬಿಸಾಡಿ ಓಡಿ ಬಂದ, ಬೋರ್ಡಿಗೆ ಡಿಕ್ಕಿ ಹೊಡೆದು, ಅರ್ಧ ದಾರಿಯಲ್ಲಿ ಜಾರಿ, ಒಂದು ಮಂಡಿ ನೆಲಕ್ಕೂರಿ, ಬೈಗುಳವೊಂದನ್ನು ನುಂಗಿ, ಎದ್ದು ಬಂದು ಕಿಟಕಿ ಬಡಿದ. ಮಾರ್ಲಿಸ್ ಗಾಜು ಇಳಿಸಿದಳು.

"ಬೇಕು," ಎಂದ.

"ಏನು ಬೇಕು?" ಅವಳು ಅವನನ್ನು ಅಷ್ಟು ಸುಲಭಕ್ಕೆ ಬಿಡುವವಳಿರಲಿಲ್ಲ.

"ನೀವು. ನಂಗೆ ನೀವು ಬೇಕು." ಎಷ್ಟು ಜೋರಾಗಿ ಹೇಳಿದನೆಂದರೆ ಎದುರು ಮನೆಯವರು ಪರದೆ ಸರಿಸಿ ನೋಡಿದರು. ಆರಿನ್‌ನ ಮುಖ ಬೀಟ್‌ರೂಟಿನ ಹಾಗಾಗಿತ್ತು. "ಬರ್ತೀರಾ?"

ಅಯ್ಯೋ, ನಿಜವಾಗ್ಲೂ ತೊಂದ್ರೆ ಇಲ್ವಾ ಎಂಬ ಮಾತು ಮಾರ್ಲಿಸ್‌ಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದು ಇಳಿದುಹೋಗುವವರೆಗೆ ಕಾದಳು.

"ಹೂಂ," ಎಂದಳು.

ಆಮೇಲೆ ಕೈಚಾಚಿ ಆಚೆ ಬದಿಯ ಬಾಗಿಲು ತೆರೆದಳು, ಅವನು ಚಳಿಗೆ ನಡುಗುತ್ತಿದ್ದ. ಆರಿನ್ ಸುತ್ತಿ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಏನೋ ದೊಡ್ಡ ಕಳ್ಳತನ ಮಾಡಿ ಬಂದವರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ, ಎದುರಿನ ಗಾಜಿನ ಮೇಲೆ ಬೀಳುತ್ತಿದ್ದ ಹಿಮವನ್ನು ನೋಡುತ್ತ, ಕೈ ಹಿಡಿದುಕೊಂಡು ಕೂತಿದ್ದರು.